ಓಟದ ಬಳಗ

ಬೆಂಗಳೂರಿನ ಹಳಬರು ಊರಿನ ಪೂರ್ವಭಾಗವನ್ನು ಇಂದಿಗೂ ‘ದಂಡು’ ಎಂದೇ ಕರೆಯುವುದುಂಟು. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ಸೈನ್ಯವನ್ನು ನೆಲೆಗೊಳಿಸಿದಂದಿನಿಂದ ಬಂದ ಹೆಸರು ಅದು. ದಂಡಿನಲ್ಲಿ ಬೆಳಗಿನ ಓಟ ಹೊಸತೇನೂ ಅಲ್ಲ; ಸಿಪಾಯಿಗಳಿಗೆ ಅದು ಸ್ನಾನ ಊಟಗಳಷ್ಟೇ ಸಹಜವಾದ ನಿತ್ಯವಿಧಿ. ಹೊಸತೆಂದರೆ, ಯಾವ ಸುಬೇದಾರನ ಅಪ್ಪಣೆಯೂ ಇಲ್ಲದೆ ಗುಮಾಸ್ತರೂ ಗೃಹಿಣಿಯರೂ ಇಂಜಿನಿಯರರೂ ನಸುಕಿನಲ್ಲೆದ್ದು ಓಡತೊಡಗಿದ್ದು. 2008ರಲ್ಲಿ ಹತ್ತು ಕಿಲೋಮೀಟರುಗಳ ಅಂತಾರಾಷ್ಟ್ರೀಯ ಓಟವೊಂದು ಈ ನಗರದಲ್ಲಿ ಆರಂಭವಾದ ಮೇಲೆ ಇಂಥವರ ಬಳಗಗಳು ಬಡಾವಣೆ ಬಡಾವಣೆಗಳಲ್ಲಿ ಬೆಳೆದವು. ಇಂದಿರಾನಗರದವರು, ಶಿವಾಜಿನಗರದವರು, ದೂರದ ಕೃಷ್ಣರಾಜಪುರದವರು ಕೂಡ ರವಿವಾರ ಬೆಳಗಾಗುವ ಮುನ್ನವೇ ಕಬ್ಬನ್ ಉದ್ಯಾನದ ಮರಗಳ ಕೆಳಗೆ ಬಂದು ಸೇರುತ್ತಾರೆ. ಪೇಟೆಗೂ ದಂಡಿಗೂ ನಡುವೆ ಗಡಿಯಂತಿದ್ದ ಆ ಉದ್ಯಾನದಲ್ಲಿ ಈಗ ಯಾರು ಪೇಟೆಯವರು, ಯಾರು ದಂಡಿನವರು ಎಂದು ಗುರುತಿಸುವುದು ಅಸಾಧ್ಯ. ಬೆವರಿಗೆ ಅಂಥ ಭೇದ ತಿಳಿಯದು.

ಗುಂಪಿನಲ್ಲಿ ಓಡುವುದರಲ್ಲಿ ಒಂದು ಸೊಗಸಿದೆ. ಒಬ್ಬನೇ ಓಡುವವನಿಗೆ ಎರಡನೆಯ ಮೈಲಿಯಲ್ಲೇ ಮನೆಯ ನೆನಪಾಗುತ್ತದೆ. ಪಕ್ಕದಲ್ಲಿ ಮತ್ತೊಬ್ಬನ ಹೆಜ್ಜೆಯ ಸದ್ದಿದ್ದರೆ ಐದನೆಯ ಮೈಲಿಯೂ ಅರಿವಿಲ್ಲದೆ ಕಳೆದುಹೋಗುತ್ತದೆ. ಆದರೆ ಗುಂಪಿಗೆ ಒಂದು ಕಾಠಿಣ್ಯವೂ ಇದೆ. ಗುಂಪು ಮುಂದೆ ಸಾಗುತ್ತದೆ. ಹಿಂದುಳಿದವನ ಬೆನ್ನ ಹಿಂದೆ ಮೌನವೊಂದೇ ಉಳಿಯುತ್ತದೆ. ಮಂಡಿ ನೋವಿನಿಂದಲೋ, ಶಸ್ತ್ರಚಿಕಿತ್ಸೆಯಿಂದಲೋ, ವಯಸ್ಸಿನಿಂದಲೋ ಬಳಗವನ್ನು ಬಿಟ್ಟು ಹೋದವನು ಮರಳಿ ಬರಲು ಅಂಜುವುದು ನೋವಿಗಿಂತ ಹೆಚ್ಚಾಗಿ ಈ ಮೌನಕ್ಕೆ. ನಿನ್ನೆ ತನ್ನ ಹಿಂದೆ ಓಡುತ್ತಿದ್ದವರು ಇಂದು ತನಗಾಗಿ ಕಾಯಬೇಕಲ್ಲ ಎಂಬ ಸಂಕೋಚ ಮನುಷ್ಯನನ್ನು ಮನೆಯಲ್ಲೇ ಕಟ್ಟಿಹಾಕಬಲ್ಲದು.

ಮರಳಿ ಬಂದವನಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಬಹುಕಾಲ ವಿಶ್ರಾಂತಿ ಪಡೆದ ದೇಹದಲ್ಲಿ ಉಸಿರಿನ ಶಕ್ತಿ ಕೆಲವು ವಾರಗಳಲ್ಲೇ ಮರಳತೊಡಗುತ್ತದೆ; ಮೂಳೆಗಳೂ ಹಿಮ್ಮಡಿಯ ಸ್ನಾಯುರಜ್ಜುವೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ ಓಡು ಎನ್ನುತ್ತದೆ, ಕಾಲು ಬೇಡವೆನ್ನುತ್ತದೆ. ಗುಂಪಿನ ಹುರುಪಿನಲ್ಲಿ ಎದೆಯ ಮಾತನ್ನೇ ಕೇಳಿದವನು ಮತ್ತೆ ವೈದ್ಯರ ಬಾಗಿಲಿಗೆ ಹೋಗುತ್ತಾನೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಎಂಬುವರು ಇದಕ್ಕೊಂದು ಸರಳ ಉಪಾಯವನ್ನು ಹೇಳಿಕೊಟ್ಟರು: ಕೆಲವು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮತ್ತೆ ಓಟ. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು ಅದರ ಗುಟ್ಟು. ನಡೆಯುವುದು ಸೋಲೆಂದು ಭಾವಿಸುವ ತರುಣರಿಗೆ ಈ ಮಾತು ರುಚಿಸದಿರಬಹುದು.

ಮಂಡಿ ನೋವಿನ ಮಾತು ಹಾಗಿರಲಿ. ಕೈಕಾಲುಗಳನ್ನೇ ಕಳೆದುಕೊಂಡವರು ಓಟಗಾರರ ನಡುವೆ ಬಂದು ನಿಲ್ಲುವುದೆಂದರೇನು? ಬೆಂಗಳೂರಿನ ಶಾಲಿನಿ ಸರಸ್ವತಿಯವರ ಜೀವನ ಇದಕ್ಕೆ ಉತ್ತರವಾಗಿದೆ. ಪತಿಯೊಡನೆ ಕಾಂಬೋಡಿಯ ಪ್ರವಾಸ ಮುಗಿಸಿ ಬಂದ ಅವರಿಗೆ 2012ರಲ್ಲಿ ಜ್ವರ ಕಾಣಿಸಿಕೊಂಡಿತು. ಸಾಧಾರಣ ಜ್ವರವೆಂದು ತೋರಿದ್ದು ರಿಕೆಟ್ಸಿಯ ಎಂಬ ಸೂಕ್ಷ್ಮಜೀವಿಯಿಂದ ಬಂದ ಅಪರೂಪದ ಸೋಂಕಾಗಿತ್ತು. ಆಗ ಅವರು ಗರ್ಭಿಣಿ. ಮಗು ಉಳಿಯಲಿಲ್ಲ. ಅವರ ಪ್ರಾಣ ಉಳಿಯಿತಾದರೂ ಕೈಕಾಲುಗಳು ಕೊಳೆಯತೊಡಗಿದವು. ಒಂದು ಕೈಯನ್ನು ವೈದ್ಯರು ಕತ್ತರಿಸಬೇಕಾಯಿತು. ಇನ್ನೊಂದು ತಾನಾಗಿಯೇ ಕಳಚಿಬಿತ್ತು. ಕೊನೆಗೆ ಎರಡೂ ಕಾಲುಗಳು ಹೋದವು. ಕಾಲುಗಳ ಶಸ್ತ್ರಚಿಕಿತ್ಸೆಗೆ ಹೊರಟ ದಿನ ಅವರು ಕಾಲುಗುರುಗಳಿಗೆ ನೇರಳೆ ಬಣ್ಣ ಹಚ್ಚಿಕೊಂಡು ಹೋದರಂತೆ. ಹೋಗುವ ಕಾಲುಗಳು ಅಂದವಾಗಿಯೇ ಹೋಗಲಿ ಎಂಬ ಆ ಹಟದಲ್ಲಿ, ಮುಂದೆ ಅವರು ಓಡಲಿರುವ ಓಟದ ಮೊದಲ ಹೆಜ್ಜೆ ಇದ್ದಿತೆಂದು ತೋರುತ್ತದೆ.

ಕಂಠೀರವ ಕ್ರೀಡಾಂಗಣದಲ್ಲಿ ಬಿ. ಪಿ. ಅಯ್ಯಪ್ಪ ಎಂಬ ತರಬೇತುದಾರರು ಅವರನ್ನು ಶಿಷ್ಯೆಯಾಗಿ ಸ್ವೀಕರಿಸಿದರು. ಮೊದಲು ನಡಿಗೆ, ಬಹಳ ದಿನಗಳ ಮೇಲೆ ಓಟ. ಓಟಗಾರರು ಬಳಸುವ ಕೃತಕ ಕಾಲು ಇಂಗಾಲದ ಎಳೆಗಳಿಂದ ಮಾಡಿದ, ಕುಡುಗೋಲಿನಂತೆ ಬಾಗಿದ ಪಟ್ಟಿ. ಇದನ್ನು ಬ್ಲೇಡು ಎನ್ನುತ್ತಾರೆ. ನೆಲಕ್ಕೆ ತಾಗಿದಾಗ ಅದು ಬಿಲ್ಲಿನಂತೆ ಬಾಗಿ, ಮರುಕ್ಷಣವೇ ಚಿಮ್ಮಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಹಿಮ್ಮಡಿಯಿಲ್ಲ, ಆದುದರಿಂದ ಎರಡೂ ಕಾಲಿಗೆ ಬ್ಲೇಡು ಕಟ್ಟಿಕೊಂಡವರಿಗೆ ಓಡುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಕಷ್ಟ. ಮೊಂಡುಗಾಲನ್ನು ಕೂರಿಸುವ ಬಟ್ಟಲಿನೊಳಗೆ ಬೆವರು ಇಳಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಓಡುವಾಗ ದೇಹದ ತೂಕವನ್ನು ಸರಿದೂಗಿಸುವವು ಬೀಸುವ ಕೈಗಳು. ಆ ಕೈಗಳೂ ಪೂರ್ಣವಾಗಿಲ್ಲದಿದ್ದರೆ? ಬಿದ್ದರೆ ಊರಲು ಅಂಗೈಯಿಲ್ಲ. ಇಷ್ಟೆಲ್ಲವನ್ನೂ ಬಲ್ಲ ಶಾಲಿನಿಯವರು 2016ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರುಗಳ ಓಟದಲ್ಲಿ ಸಾವಿರಾರು ಜನರ ನಡುವೆ ಓಡಿ ಗುರಿ ಮುಟ್ಟಿದರು. 2021ರಲ್ಲಿ ಬೆಂಗಳೂರಿನಲ್ಲೇ ನಡೆದ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದಲ್ಲಿ ನೂರು ಮೀಟರ್ ಓಟದ ಚಿನ್ನದ ಪದಕವನ್ನೂ ಪಡೆದರು. ಪದಕಕ್ಕಿಂತ ಆ ಹತ್ತು ಕಿಲೋಮೀಟರು ದೊಡ್ಡದೆನ್ನಬೇಕು. ಏಕೆಂದರೆ ಅದು ಎಲ್ಲರೂ ಓಡುವ ಬೀದಿಯಲ್ಲಿ, ಎಲ್ಲರ ಜೊತೆಗೆ ಓಡಿದ್ದು.

ಇಂಥವರಿಗೆಂದೇ ಬಳಗ ಕಟ್ಟಿದವರೂ ಉಂಟು. 1976ರಲ್ಲಿ ಕೃತಕ ಕಾಲಿನಿಂದ ನ್ಯೂಯಾರ್ಕ್ ಮ್ಯಾರಥಾನನ್ನು ಮುಗಿಸಿದ ಡಿಕ್ ಟ್ರಾಮ್, 1983ರಲ್ಲಿ ‘ಅಕಿಲೀಸ್’ ಎಂಬ ಓಟದ ಬಳಗವನ್ನು ಸ್ಥಾಪಿಸಿದರು. ಅಲ್ಲಿ ಅಂಗವಿಕಲರೂ ಅಂಗವಿಕಲರಲ್ಲದವರೂ ಜೊತೆಯಾಗಿ ಓಡುತ್ತಾರೆ.

ಬಳಗ ದೊಡ್ಡದೇ ಇರಬೇಕೆಂದಿಲ್ಲ, ಇಬ್ಬರಿದ್ದರೂ ಸಾಕು. ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ತರಬೇತುದಾರ ರಾಹುಲ್ ಬಾಲಕೃಷ್ಣ ಅವರೇ ಅವರ ಮಾರ್ಗದರ್ಶಿ ಓಟಗಾರ. ಇಬ್ಬರ ಕೈಗಳನ್ನು ಒಂದು ಗಿಡ್ಡ ದಾರ ಜೋಡಿಸುತ್ತದೆ. ಹೆಜ್ಜೆಗೆ ಹೆಜ್ಜೆ, ತೋಳಿಗೆ ತೋಳು ಹೊಂದಬೇಕು; ತಿರುವು ಬಂದಾಗ ಮಾರ್ಗದರ್ಶಿ ಬಾಯಿಮಾತಿನಲ್ಲಿ ತಿಳಿಸಬೇಕು. ಆತ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಗುರಿಯ ಗೆರೆಯನ್ನು ಮೊದಲು ದಾಟುವಂತಿಲ್ಲ. ಹೀಗೆ ಓಡಿ ರಕ್ಷಿತಾ 2018ರಲ್ಲಿ ಜಕಾರ್ತಾದಲ್ಲೂ 2023ರಲ್ಲಿ ಹಾಂಗ್‌ಝೌನಲ್ಲೂ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟವನ್ನು ಗೆದ್ದರು. 2024ರಲ್ಲಿ ಪ್ಯಾರಿಸ್ಸಿಗೂ ಹೋಗಿ ಬಂದರು.

ಆ ದಾರದ ಕಥೆ ಪ್ಯಾರಿಸ್ಸಿನಲ್ಲಿ ಮತ್ತೊಬ್ಬರ ಬಾಳಿನಲ್ಲಿ ಬೇರೊಂದು ರೀತಿಯಲ್ಲಿ ನಡೆಯಿತು. ಸ್ಪೇನಿನ ಎಲೆನಾ ಕೊಂಗೋಸ್ತ್ ಮಂದದೃಷ್ಟಿಯವರು. 2016ರ ರಿಯೊ ಕೂಟದಲ್ಲಿ ಮ್ಯಾರಥಾನ್ ಗೆದ್ದು, ನಾಲ್ಕು ಮಕ್ಕಳ ತಾಯಿಯಾದ ಮೇಲೆ ಮರಳಿ ಓಟಕ್ಕೆ ಬಂದಿದ್ದರು. ನಲವತ್ತೆರಡು ಕಿಲೋಮೀಟರು ಮುಗಿದು ಗುರಿ ಕೆಲವೇ ಮೀಟರುಗಳಿದ್ದಾಗ ಅವರ ಮಾರ್ಗದರ್ಶಿಗೆ ಕಾಲಿನ ಸ್ನಾಯು ಹಿಡಿದು ಆತ ಕುಸಿಯತೊಡಗಿದ. ಅವರು ಮೂರನೆಯ ಸ್ಥಾನದಲ್ಲಿದ್ದರು. ನಾಲ್ಕನೆಯವರು ಮೂರು ನಿಮಿಷಗಳಷ್ಟು ಹಿಂದೆ ಇದ್ದರು. ಇಷ್ಟು ದೂರ ತನಗೆ ಕಣ್ಣಾಗಿ ಬಂದವನನ್ನು ಹಿಡಿಯಲು ಅವರು ಒಂದು ಕ್ಷಣ ದಾರವನ್ನು ಬಿಟ್ಟರು. ದಾರ ಬಿಟ್ಟವರು ಅನರ್ಹರೆಂಬುದು ಆಗ ನಿಯಮವಾಗಿತ್ತು. ಅಂದು ಕಂಚಿನ ಪದಕ ಅವರ ಕೈತಪ್ಪಿತು. ತೀರ್ಪುಗಾರರು ತಪ್ಪಿದರೆಂದು ಹೇಳುವುದು ಕಷ್ಟ. ಎಲೆನಾ ತಪ್ಪಿದರೆಂದು ಹೇಳುವುದು ಇನ್ನೂ ಕಷ್ಟ. ಆತನನ್ನು ಆಧರಿಸಿ, ದಾರವನ್ನು ಮತ್ತೆ ಹಿಡಿದು, ಇಬ್ಬರೂ ಗೆರೆಯನ್ನು ದಾಟಿದರು.