ಗಡಾಯಿಕಲ್ಲಿನ ಅರ್ಧ ದಾರಿ

ಕಳೆದ ಡಿಸೆಂಬರಿನಲ್ಲಿ ಮೊಮ್ಮಗನೊಡನೆ ಗಡಾಯಿಕಲ್ಲಿಗೆ ಹೋಗಿದ್ದೆ. ಬೆಳ್ತಂಗಡಿಯಿಂದ ಸುಮಾರು 8 ಕಿಲೋಮೀಟರು ದೂರದಲ್ಲಿ, ಕುದುರೆಮುಖದ ಘಟ್ಟಸಾಲಿನ ಬುಡದಲ್ಲಿ ಒಂಟಿಯಾಗಿ ಎದ್ದು ನಿಂತ ಈ ಹೆಬ್ಬಂಡೆಯನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಾಗಿಲ್ಲ. ಹಿಂದೆ ಇದಕ್ಕೆ ನರಸಿಂಹಗಡವೆಂಬ ಹೆಸರಿತ್ತು. ಟಿಪ್ಪು ಸುಲ್ತಾನನು 1794ರಲ್ಲಿ ಇಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನು. ಐದೇ ವರ್ಷಗಳಲ್ಲಿ, 1799ರಲ್ಲಿ, ಅದು ಬ್ರಿಟಿಷರ ವಶವಾಯಿತು. ಮೇಲೇರಲು ಇರುವುದು ಒಂದೇ ಇಕ್ಕಟ್ಟಾದ ದಾರಿ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳು 1876 ಎಂದು ಲೆಕ್ಕ. ಈಗ ಈ ಪ್ರದೇಶವು ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದೆ.

ನಾನು ಮೊದಲ ಬಾರಿ ಅದನ್ನು ಹತ್ತಿದ್ದು 1983ರಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ. ಕುದುರೆಮುಖವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಲು ಇನ್ನೂ ನಾಲ್ಕು ವರ್ಷಗಳಿದ್ದವು. ಬಂಟ್ವಾಳದಿಂದ ನಸುಕಿಗೇ ಹೊರಟು ಗಡಾಯಿಕಲ್ಲು, ಮಧ್ಯಾಹ್ನ ವೇಣೂರಿನ ಗೊಮ್ಮಟ, ಸಂಜೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ: ಕಾರ್ಯಕ್ರಮವನ್ನು ನಾನೇ ಬರೆದಿದ್ದೆ, ಅದು ತಪ್ಪಬಾರದೆಂಬ ಹಟವೂ ನನ್ನದೇ.

ಅರ್ಧ ದಾರಿಯಲ್ಲಿ ಒಬ್ಬ ಹುಡುಗ ಕುಳಿತುಬಿಟ್ಟ. "ಸಾರ್, ಕೆಳಗೆ ನೋಡಿದರೆ ತಲೆ ತಿರುಗುತ್ತದೆ" ಎಂದ. ಎಲ್ಲರ ಎದುರಿಗೆ ನಾನು ಅವನನ್ನು ಪುಕ್ಕಲನೆಂದೆ. ಮಕ್ಕಳು ನಕ್ಕರು. "ಇಲ್ಲಿಯೇ ಇರು, ಬುತ್ತಿಗಳನ್ನು ಕಾಯುತ್ತಿರು" ಎಂದು ಹೇಳಿ ಮುಂದೆ ನಡೆದೆ.

ತುದಿಯಲ್ಲಿ ಕೋಟೆಯ ಮುರಿದ ಗೋಡೆಗಳನ್ನೂ ಮಳೆನೀರಿನ ಕೊಳವನ್ನೂ ಮಕ್ಕಳಿಗೆ ತೋರಿಸಿದೆ. ಎದುರಿನ ಘಟ್ಟವನ್ನು ತೋರಿಸಿ ನೇತ್ರಾವತಿಯ ಹುಟ್ಟಿನ ಪಾಠವನ್ನೂ ಮಾಡಿದೆ. ಇಳಿದು ಬಂದಾಗ ಒಂದೂವರೆ ಗಂಟೆ ಕಳೆದಿತ್ತು. ಹುಡುಗ ಬಂಡೆಗೆ ಬೆನ್ನು ಒತ್ತಿ, ಕೈಯಲ್ಲೊಂದು ಕೋಲು ಹಿಡಿದು, ಮಂಗಗಳಿಂದ ನಮ್ಮೆಲ್ಲರ ಬುತ್ತಿಗಳನ್ನು ಕಾಯ್ದುಕೊಂಡು ಕುಳಿತಿದ್ದ. ತನ್ನದನ್ನೂ ಬಿಚ್ಚಿರಲಿಲ್ಲ. ಅಳುತ್ತಿದ್ದ ಗುರುತು ಮುಖದಲ್ಲಿತ್ತು. ನಾನು ಗಡಿಯಾರ ನೋಡಿ "ಬೇಗ, ಬೇಗ" ಎಂದೆನೇ ಹೊರತು ಬೇರೇನನ್ನೂ ಆಡಲಿಲ್ಲ. ಅಂದು ಬಸದಿಯ ಕಂಬಗಳ ಕೆತ್ತನೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತ ನಿಂತವನೂ ಅವನೇ.

ಈ ಸಲ, ಸರಿಸುಮಾರು ಅದೇ ಎತ್ತರದಲ್ಲಿ, ನನ್ನ ಕಾಲುಗಳು ನಡುಗತೊಡಗಿದವು. ಕೆಳಗಿನ ಕಂಗಿನ ತೋಟಗಳು ತಿರುಗಿದಂತಾಗಿ ಕುಳಿತುಬಿಟ್ಟೆ. "ನೀನು ಹೋಗಿ ಬಾ" ಎಂದೆ. ಮೊಮ್ಮಗ ಹೋಗಲಿಲ್ಲ, ಪಕ್ಕದಲ್ಲಿ ಕುಳಿತು ನೀರಿನ ಬಾಟಲಿ ಕೊಟ್ಟ. "ಅಜ್ಜ, ಇಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದಲ್ಲ" ಎಂದ. ಅಷ್ಟು ಸಣ್ಣ ಮಾತು ಅಂದು ನನ್ನ ಬಾಯಿಂದ ಬರಲಿಲ್ಲ. ಅವನಿಗೆ ಅದನ್ನು ಯಾರೂ ಕಲಿಸಿದ್ದಲ್ಲ; ನಾನಾದರೋ ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದವನು.

ಸ್ವಲ್ಪ ಹೊತ್ತು ಕುಳಿತಿದ್ದು ಇಬ್ಬರೂ ಇಳಿದೆವು.

ಆ ತರಗತಿಯ ಕೆಲವರು ಇದನ್ನು ಓದುತ್ತೀರೆಂದು ಬಲ್ಲೆ. ಅವನ ಹೆಸರನ್ನು ಬರೆಯುವುದಿಲ್ಲ, ನಿಮಗೆ ನೆನಪಿರಬಹುದು. ಭೇಟಿಯಾದರೆ ಹೇಳಿ: ಪುಕ್ಕಲನೆಂದದ್ದು ತಪ್ಪು, ಮೇಷ್ಟ್ರು ಕ್ಷಮೆ ಕೇಳಿದ್ದಾರೆ.