ಗೋವಿನಜೋಳದ ರಸ್ತೆ, ದೊಡ್ಡಹುಣಸೆಯ ಸುತ್ತಳತೆ

ಬಸ್ಸಿನ ಕಿಟಕಿಯಿಂದ ನೋಡಿದರೆ ಹಾವೇರಿ ಸೀಮೆ ಸಪಾಟು. ಅದು ಸಪಾಟಲ್ಲ ಎಂದು ಮೊದಲು ತಿಳಿಯುವುದು ಸೈಕಲ್ ತುಳಿಯುವವನ ಮೊಣಕಾಲಿಗೆ. ಪ್ರತಿ ಹಳ್ಳಕ್ಕೂ ಒಂದು ಇಳುಕಲು, ಹಳ್ಳ ದಾಟಿದರೆ ಒಂದು ಏರು, ಏರಿನ ನೆತ್ತಿಗೆ ಒಂದು ಬೇವಿನ ಗಿಡ. ಇಲ್ಲಿ ಬಿದ್ದ ಮಳೆಯೆಲ್ಲ ಮೂಡಣಕ್ಕೇ ಹೊರಡುತ್ತದೆ. ಸಾಗರದ ಕಡೆ ಹುಟ್ಟಿದ ವರದೆ ಹಾನಗಲ್ಲಿನ ಗದ್ದೆ, ಸವಣೂರಿನ ಎರೆಹೊಲ ಹಾಯ್ದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹಿರೇಕೆರೂರು ಸೀಮೆಯ ಕುಮುದ್ವತಿಗೂ ಕೊನೆಗೆ ಅದೇ ಹೊಳೆ. ನಾವು ಕಾರ್ತಿಕದ ಮೂಡಗಾಳಿಯಲ್ಲಿ ಈ ನೀರಿನ ದಾರಿಗಳನ್ನು ಅಡ್ಡಡ್ಡ ಕತ್ತರಿಸುತ್ತ ಹಿರೇಕೆರೂರಿನಿಂದ ಹಾನಗಲ್ಲಿಗೆ, ಅಲ್ಲಿಂದ ಶಿಗ್ಗಾವಿಗೆ, ಕಡೆಗೆ ಸವಣೂರಿಗೆ ಹೋದೆವು.

ಜೊತೆಗಿದ್ದವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಾಸ್ತರು, ದವಾಖಾನೆಯಲ್ಲಿ ನರ್ಸ್ ಆಗಿರುವ ಗೆಳತಿ, ಮತ್ತೆ ಪಿಯುಸಿ ಓದುವ ನನ್ನ ಅಣ್ಣನ ಮಗ. ಸೈಕಲ್ಲಿನವರ ಮಾತು ಒಂದು ನೇರಕ್ಕೆ ಹೋಗುವುದಿಲ್ಲ. ಏರಿನಲ್ಲಿ ಉಸಿರಿಗೆ ಕಡಿದುಹೋಗಿ, ಇಳುಕಲಿನಲ್ಲಿ ಬೇರೆಯದೇ ವಿಷಯವಾಗಿ ಹುಟ್ಟಿಕೊಳ್ಳುತ್ತದೆ. ಸೀಟು ಒಂದು ಬೆರಳು ಎತ್ತರವಾದರೆ ಬೆನ್ನು ಯಾಕೆ ಸುಮ್ಮನಾಗುತ್ತದೆ, ನಾಯಿಗಳು ಕಾರು ಬಿಟ್ಟು ನಮ್ಮನ್ನೇ ಯಾಕೆ ಅಟ್ಟಿಸುತ್ತವೆ, ಎದುರುಗಾಳಿಯಲ್ಲಿ ಮುಂದಿನವನ ಹಿಂದೆ ಅಂಟಿಕೊಂಡು ಹೋದರೆ ದೇಹ ಎಷ್ಟು ಹಗುರ! ಈ ಪುಟ್ಟ ಪ್ರಶ್ನೆಗಳನ್ನು ನಾನು ಊರುಗಳಷ್ಟೇ ಪ್ರೀತಿಯಿಂದ ನೆನಪಿಟ್ಟುಕೊಂಡಿದ್ದೇನೆ. ಊರನ್ನು ಕಣ್ಣಿಗೆ ತಂದು ಕೊಟ್ಟಿದ್ದೇ ಅವು.

ಹಿರೇಕೆರೂರಿನಿಂದ ಬೆಳಕು ಹರಿಯುವ ಮೊದಲೇ ಮಾಸೂರಿನ ಕಡೆ ತುಳಿದೆವು. ಮದಗದ ಕೆರೆಯನ್ನು ನೋಡದೆ ಆ ಸೀಮೆ ಬಿಡಬಾರದು ಎಂದು ನನ್ನ ಹಟ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಒಡ್ಡು ಹಾಕಿ ಕುಮುದ್ವತಿಯನ್ನು ನಿಲ್ಲಿಸಿದ ಹಿರಿಯರ ಧೈರ್ಯ ಅಲ್ಲಿ ನಿಂತವರಿಗೇ ತಿಳಿದೀತು. ಯಂತ್ರವಿಲ್ಲದ ಕಾಲದಲ್ಲಿ ಅಷ್ಟು ಮಣ್ಣು ಹೊತ್ತವರು ಯಾರು, ಆ ಕಲ್ಲುಗಳನ್ನು ಇಲ್ಲಿಗೆ ತಂದವರು ಯಾರು? ಒಡ್ಡಿನ ಮೇಲೆ ಸೈಕಲ್ ಒರಗಿಸಿ ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮಾಸೂರು, ಅಬಲೂರು ಎರಡೂ ಸರ್ವಜ್ಞನನ್ನು ತಮ್ಮವನೆನ್ನುವ ಊರುಗಳು. ಊರೂರು ಅಲೆದವನ ನೆಲದಲ್ಲಿ ಅಲೆಮಾರಿಗಳಾಗಿ ಹೊರಟೆವೆಂಬ ಸಂತೋಷ ನಮ್ಮದು.

ಚಿಕ್ಕೇರೂರು ದಾಟಿ ತಿಳವಳ್ಳಿಯ ಕಡೆ ತಿರುಗಿದಾಗ ರಸ್ತೆಯ ಅರ್ಧ ಬಣ್ಣ ಬದಲಾಯಿತು. ಗೋವಿನಜೋಳ! ಹಾವೇರಿ ಜಿಲ್ಲೆಯ ಸುಗ್ಗಿಯ ಡಾಂಬರು ರಸ್ತೆ ಅರ್ಧ ವಾಹನಕ್ಕೆ, ಅರ್ಧ ರಾಶಿಗೆ. ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಹೆಂಗಸರು ಕಾಲಿನಿಂದ ಕಾಳನ್ನು ಸಾಲು ಸಾಲಾಗಿ ಎಳೆದು ಬಿಸಿಲಿಗೆ ಮಗ್ಗುಲು ಬದಲಿಸುತ್ತಾರೆ. ಕಾರಿನವರಿಗೆ ಅದು ಅಡ್ಡಿ. ನಮಗೆ ಉಳಿದ ಅರ್ಧ ಧಾರಾಳ ಸಾಕಿತ್ತು. ಬಿಸಿಲು ಕುಡಿದ ಕಾಳಿನ ಸಿಹಿ ವಾಸನೆ ಮೈಲಿಗಟ್ಟಲೆ ಮೂಗಿನ ಜೊತೆಗೇ ಬಂತು.

ಅಲ್ಲಿ ಮುಂದೆ ಹೋಗುತ್ತಿದ್ದ ನನ್ನ ಸೈಕಲ್ಲಿನ ಗಾಲಿ ನೋಡುತ್ತ ಹುಡುಗ ಕೂಗಿದ: "ಸರ್ರ, ಗಾಲಿ ಕೆಳಗಿನ ಕಡ್ಡಿ ಒಂದೊಂದೂ ಕಾಣಸ್ತಾವ, ಮ್ಯಾಲಿನವು ಯಾಕ ಮಂಜು ಮಂಜು?"

ನಾನು ಇಷ್ಟು ವರ್ಷ ಸೈಕಲ್ ಹೊಡೆದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಾಸ್ತರು ಇಳಿದರು. ಟೈರಿನ ಅಂಚಿಗೆ ಒಂದು ಹಸಿ ಎಲೆ ಅಂಟಿಸಿ ಗಾಲಿಯನ್ನು ನಿಧಾನ ಉರುಳಿಸಿದರು. ಎಲೆ ಮೇಲಿದ್ದಾಗ ಮುಂದಕ್ಕೆ ಹಾರಿಹೋಗುತ್ತಿತ್ತು, ಕೆಳಗೆ ಬರುತ್ತ ಬರುತ್ತ ಮೆತ್ತಗಾಗಿ, ನೆಲ ಮುಟ್ಟುವ ಕ್ಷಣದಲ್ಲಿ ನಿಂತೇಬಿಟ್ಟು, ಮತ್ತೆ ಏಳುತ್ತಿತ್ತು. "ನೆಲಕ್ಕ ತಾಗಿದ ಬಿಂದು ಆ ಗಳಿಗಿಗೆ ಜಾಗ ಬಿಟ್ಟು ಕದಲೂದಿಲ್ಲ. ನೆತ್ತಿಯ ಬಿಂದು ಸೈಕಲ್ಲಿನ ಎರಡು ಪಟ್ಟು ಓಡತದ" ಎಂದರು. ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವವನ ಗಾಲಿಯ ನೆತ್ತಿ 30ರಲ್ಲಿ ಓಡುತ್ತಿದೆ, ಪಾದ ನಿಂತಿದೆ. ಓಡುವ ಗಾಲಿಯೊಳಗೆ ಯಾವಾಗಲೂ ನಿಂತಿರುವ ಒಂದು ಬಿಂದು! ರಾಶಿ ಕಾಯುತ್ತ ಕೂತಿದ್ದ ಅಜ್ಜಿಯೂ ಎದ್ದು ಬಂದು ಆ ಎಲೆಯಾಟವನ್ನು ಎರಡೆರಡು ಸಲ ಮಾಡಿಸಿ ನೋಡಿದಳು. "ಯಪ್ಪಾ, ಚಕ್ಕಡಿ ಗಾಲಿನೂ ಹಿಂಗ ಏನೋ?" ಎಂದು ಕೇಳಿದಳು. ಹೌದಜ್ಜಿ, ಅದೂ ಹೀಗೇ.

ಅಕ್ಕಿಆಲೂರು ದಾಟಿದ ಮೇಲೆ ಗದ್ದೆ ಹೆಚ್ಚಿತು, ಮಾವಿನ ತೋಪು ಬಂತು. ಹಾನಗಲ್ಲು ಮಲೆನಾಡಿನ ಸೆರಗು. ಕದಂಬರ ಕಾಲದ ಪಾನುಂಗಲ್ಲು, ಹೊಯ್ಸಳರು ಮುತ್ತಿಗೆ ಹಾಕಿ ಕಾದಿದ ಕೋಟೆಯೂರು. ಜನ ಇದನ್ನು ವಿರಾಟನಗರವೆಂದೂ ನಂಬುತ್ತಾರೆ. ತಾರಕೇಶ್ವರ ಗುಡಿಯ ಮಂಟಪದಲ್ಲಿ ಬೆವರು ಒರೆಸಿಕೊಂಡು ತಲೆ ಎತ್ತಿದೆವು. ಎಂಟು ಮೂಲೆಯ ಛತ್ತು. ಸುತ್ತುಸುತ್ತಾಗಿ ಒಳಸರಿಯುತ್ತ ಮೇಲೇರಿದ ಕಲ್ಲು, ನಡುವೆ ಕೆಳಕ್ಕೆ ಇಳಿಬಿದ್ದ ದೊಡ್ಡ ಕಮಲ. ಕತ್ತು ನೋಯತೊಡಗಿದಾಗ ನಾಲ್ವರೂ ತಣ್ಣನೆ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದೆವು. ಎಸಳಿನ ಮೇಲೆ ಎಸಳು, ಅದರೊಳಗೆ ಮತ್ತೊಂದು. ಆ ಕತ್ತಲಿಗೆ ಕಣ್ಣು ಹೊಂದಿದಂತೆ ಒಂದೊಂದೇ ಹೊರಬರುತ್ತಿತ್ತು. ಇಷ್ಟು ಭಾರ ತಲೆಯ ಮೇಲೆ ಶತಮಾನಗಟ್ಟಲೆ ನಿಂತಿದೆಯಲ್ಲ!

"ಇದು ಒತ್ತಿಕೊಂಡು ನಿಂತದ, ನಮ್ಮ ಗಾಲಿ ಎಳಕೊಂಡು ನಿಂತದ" ಎಂದರು ಮಾಸ್ತರು ಮಲಗಿದಲ್ಲಿಂದಲೇ. ಹೊರಗೆ ಬಂದು ಗೆಳತಿಯ ಹಳೇ ಕರಿ ಸೈಕಲ್ಲಿನ ಕಡ್ಡಿಗಳನ್ನು ವೀಣೆಯ ತಂತಿಯಂತೆ ಮೀಟಿ ತೋರಿಸಿದರು. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40. ಒಂದೊಂದೂ ಟಿಣ್ ಎಂದಿತು. ಒಂದು ಬಿಡಿ ಕಡ್ಡಿಯನ್ನು ನೆಲಕ್ಕೂರಿ ಒತ್ತಿದರೆ ಮಗುವಿನ ಕೈಗೂ ಬಾಗುತ್ತದೆ. ಎಳೆದರೆ ಗಟ್ಟಿಮುಟ್ಟು ಆಳಿಗೂ ಜಗ್ಗುವುದಿಲ್ಲ. ಅದಕ್ಕೇ ಗಾಲಿ ಕಟ್ಟುವವನು ಕಡ್ಡಿಗಳನ್ನೆಲ್ಲ ಮೊದಲೇ ಬಿಗಿದು ಎಳೆದಿಟ್ಟಿರುತ್ತಾನೆ. ಗೋಧಿ ಚೀಲ ಹೇರಿದ ಸೈಕಲ್ಲು ಅಷ್ಟು ತೆಳ್ಳನೆಯ ತಂತಿಗಳ ಮೇಲೆ ಹೋಗುವ ಗುಟ್ಟು ಅದು. ಗೆಳತಿ ತನ್ನ ಹಿಂದಿನ ಗಾಲಿಯ ಹಬ್ಬಿಗೆ ಸುತ್ತಿದ್ದ ಬಣ್ಣದ ಕುಚ್ಚನ್ನು ತೋರಿಸಿದಳು. ಗಾಲಿ ತಿರುಗಿದರೆ ಅದು ತಾನು ಜೋತಾಡುತ್ತ ಹಬ್ಬಿನ ಧೂಳು ಒರೆಸುತ್ತದೆ, ಯಾರೂ ಕೈಹಚ್ಚಬೇಕಿಲ್ಲ. ನಮ್ಮೂರುಗಳ ಸೈಕಲ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಆ ಕುಚ್ಚು ನನಗೆ ಯಾವ ದೊಡ್ಡ ಸಾಧನಕ್ಕೂ ಕಡಿಮೆಯೆನಿಸಲಿಲ್ಲ.

ಮರುದಿನ ಬಂಕಾಪುರ. ಈಗ ಮೂಡಗಾಳಿ ಎದುರಿಗೆ. ಸರದಿಯಲ್ಲಿ ಒಬ್ಬೊಬ್ಬರು ಮುಂದಾಗಿ ಗಾಳಿ ಮುರಿದು ಉಳಿದವರನ್ನು ಎಳೆದೆವು. ಕೋಟೆಯೊಳಗೆ ಸೂರ್ಯ ಏರುವ ಹೊತ್ತಿಗೆ ಹೋಗಬೇಕು. ಜಾಲಿ, ಹುಲ್ಲು, ಮುರಿದ ಗೋಡೆಗಳ ನಡುವೆ ಒಂದು ಕೂಗು ಎದ್ದಿತು, ಅದಕ್ಕೆ ಅಗಳಿನ ಆಚೆಯಿಂದ ಇನ್ನೊಂದು, ಆಮೇಲೆ ಎಲ್ಲ ಕಡೆಯಿಂದ. ಇದು 139 ಎಕರೆಯ ನವಿಲುಧಾಮ. ಆದರೆ ಕಾರ್ತಿಕದ ಗಂಡು ನವಿಲಿಗೆ ಗರಿಯಿಲ್ಲ! ಮಳೆಗಾಲ ಕುಣಿದು ಮುಗಿಸಿದ ಮೇಲೆ ಉದ್ದನೆಯ ಗರಿಗಳನ್ನೆಲ್ಲ ಉದುರಿಸಿ, ಮುಂದಿನ ಮಳೆಗೆ ಹೊಸತನ್ನು ಬೆಳೆಸಿಕೊಳ್ಳುತ್ತದೆ. ನೀಲಿ ಕತ್ತಿನ, ಮೋಟು ಬಾಲದ ಒಂದು ಹಕ್ಕಿ ನಮ್ಮ ಸೈಕಲ್ಲುಗಳ ಮುಂದೆಯೇ ಗಂಭೀರವಾಗಿ ದಾಟಿಹೋಯಿತು. ಅಷ್ಟು ದೊಡ್ಡ ಸಿಂಗಾರವನ್ನು ವರ್ಷವರ್ಷವೂ ಮೊದಲಿನಿಂದ ಕಟ್ಟುವ ಜೀವ! ಗರಿ ಬಿಚ್ಚಿದ ನವಿಲನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗರಿಯಿಲ್ಲದ ಈ ನವಿಲೇ ನನಗೆ ಹೆಚ್ಚು ವಿಸ್ಮಯ ತಂದದ್ದು.

ಪಕ್ಕದಲ್ಲೇ ಅರವತ್ತು ಕಂಬದ ನಗರೇಶ್ವರ ಗುಡಿ. 898ರಲ್ಲಿ ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ನಡೆದದ್ದು ಈ ಬಂಕಾಪುರದಲ್ಲಿ. ರನ್ನ ಕವಿಯ ಗುರು ಅಜಿತಸೇನರ ಹೆಸರೂ ಈ ಊರಿಗೆ ಅಂಟಿಕೊಂಡಿದೆ. ತಿರುಗಣಿಯಲ್ಲಿ ಕಡೆದ ಕಂಬಗಳ ನುಣುಪಿನಲ್ಲಿ ನಮ್ಮ ಮುಖಗಳು ಮಸುಕಾಗಿ ಕಂಡವು.

ಶಿಗ್ಗಾವಿಗೆ ಹೆದ್ದಾರಿಯ ಸರ್ವೀಸ್ ರಸ್ತೆ ಹಿಡಿದೆವು. ಲಾರಿಗಳ ಸದ್ದಿನಲ್ಲಿ ಮಾತು ಬಂದ್. ಊರು ಹತ್ತಿರವಾದಾಗ ಹೈಸ್ಕೂಲಿನ ಹುಡುಗಿಯರ ಸೈಕಲ್ ಸಾಲು ಸಿಕ್ಕಿತು. ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಸರಕಾರದ ಯೋಜನೆ ಶುರುವಾದದ್ದು 2006-07ರಲ್ಲಿ. ಅಕ್ಕನಿಗೆ ಬಂದ ಸೈಕಲ್ಲು ಈಗ ತಂಗಿಯ ಕಾಲಡಿ. ಒಬ್ಬಳ ಚೈನು ಬಿದ್ದಿತ್ತು. ನಾವು ಇಳಿಯುವಷ್ಟರಲ್ಲಿ ಪಕ್ಕದ ಹುಡುಗಿ ಒಂದು ಕಡ್ಡಿಯಿಂದ ಚೈನನ್ನು ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಹಿಂದಕ್ಕೆ ತಿರುವಿ, ಎಣ್ಣೆಯ ಬೆರಳನ್ನು ರಸ್ತೆಬದಿಯ ಹುಲ್ಲಿಗೆ ಒರೆಸಿ ಹೊರಟೇಬಿಟ್ಟಳು. ನನ್ನ ತಾಯಿಯ ಕಾಲದಲ್ಲಿ ಈ ಸೀಮೆಯ ಹಳ್ಳಿಯ ಹುಡುಗಿಯರು ಪಕ್ಕದೂರಿನ ಶಾಲೆಗೆ ಹೋಗುವುದೇ ಅಪರೂಪ. ಆ ಎಣ್ಣೆಯ ಬೆರಳನ್ನು ನೋಡಿ ನನಗೆ ಗಂಟಲು ಕಟ್ಟಿತು.

ಇದೇ ತಾಲೂಕಿನ ಶಿಶುನಾಳದ ಶರೀಫಜ್ಜ ಬದುಕಿದ್ದು 1819ರಿಂದ 1889. ಸ್ಟಾರ್ಲಿ ಇಂಗ್ಲೆಂಡಿನಲ್ಲಿ ಸಮಗಾಲಿಯ ಸೈಕಲ್ ತಂದದ್ದು 1885ರಲ್ಲಿ, ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಹುಬ್ಬಳ್ಳಿಯ ಗಿರಣಿಯನ್ನು ಕಂಡು ಹಾಡು ಕಟ್ಟಿದವರು ಈ ಎರಡು ಗಾಲಿಯ ಕುದುರೆಯನ್ನು ಕಂಡಿದ್ದರೆ? ಗಾಳಿಯ ಮೇಲೆ ಕೂತು ಹೋಗುವ ದೇಹ, ನಿಂತರೆ ಬೀಳುವ, ನಡೆದರೆ ನಿಲ್ಲುವ ವಾಹನ. ಅವರಿಗೆ ಹೇಳಿ ಮಾಡಿಸಿದ ವಸ್ತು ಎಂದು ಗೆಳತಿ ಸವಣೂರಿನ ದಾರಿಯುದ್ದಕ್ಕೂ ವಾದಿಸಿದಳು. ನಾನು ಪೂರ್ತಿ ಒಪ್ಪಿದ್ದೇನೆ.

ಸವಣೂರಿನ ಅಂಚಿನಲ್ಲಿ ಜಾಲಿಮುಳ್ಳು ಹುಡುಗನ ಟೈರಿಗೆ ನಾಟಿತು. ಪಂಚರ್ ಅಂಗಡಿಯ ಕಾಕಾ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬೋಗುಣಿಯ ನೀರಿನಲ್ಲಿ ಗೇಣು ಗೇಣಾಗಿ ಮುಳುಗಿಸುತ್ತ ಬಂದರು. ಸಾಸಿವೆಯಷ್ಟು ಗುಳ್ಳೆಗಳ ಸಾಲು ಎದ್ದಿತು. ಬೆರಳಿಟ್ಟು ಹಿಡಿದು, ಒರೆಸಿ, ಉಪ್ಪುಕಾಗದ ಉಜ್ಜಿ, ಸೊಲ್ಯೂಷನ್ ಹಚ್ಚಿ ಊದುತ್ತ ಕೂತರು. ಹಚ್ಚಿದ ಕೂಡಲೇ ಪ್ಯಾಚ್ ಒತ್ತುವವನು ಕೆಲಸ ಬಾರದವನು, ಅದು ಅರೆ ಒಣಗಬೇಕು. ಆಮೇಲೆ ಮುಳ್ಳನ್ನು ಹುಡುಕಲು ಟೈರಿನ ಒಳಗೆ ಹೆಬ್ಬೆರಳು ಸವರಿದರು. ಕಣ್ಣಿಗೆ ಕಾಣದ ಮೊನೆ ಆ ಬೆರಳಿಗೆ ಸಿಕ್ಕಿತು.

ಹುಡುಗ ಸುಮ್ಮನಿರದೆ ಎಡ ಪೆಡಲು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿದ. "ಅದು ಉಲ್ಟಾ ಆಂಟಿ ಐತೋ ಮಗಾ" ಎಂದರು ಕಾಕಾ. ಆಂಟಿಯೆಂದರೆ ತಿರುಪಿನ ಸುತ್ತು. ಅದು ಉಲ್ಟಾ ಯಾಕೆ ಎಂದರೆ ಅವರು ಬಾಯಿಂದ ಹೇಳಲಿಲ್ಲ. ಅವನ ಮುಷ್ಟಿಯೊಳಗೆ ಒಂದು ಸ್ಕ್ರೂಡ್ರೈವರ್ ಸಡಿಲವಾಗಿ ಹಿಡಿಸಿ, ಅದರ ತುದಿಯನ್ನು ದುಂಡಗೆ ತಿರುವಿದರು. ತಿರುವಿದ ದಿಕ್ಕಿಗೆ ಎದುರಾಗಿ ಸ್ಕ್ರೂಡ್ರೈವರ್ ಮುಷ್ಟಿಯೊಳಗೆ ತಾನೇ ಹೊರಳಿತು! ತುಳಿತದ ಭಾರಕ್ಕೆ ಪೆಡಲಿನ ಅಚ್ಚೂ ಹೀಗೆಯೇ ಒಳಗೊಳಗೆ ಹೊರಳುತ್ತದೆ. ಎರಡೂ ಕಡೆ ಒಂದೇ ಆಂಟಿಯಿದ್ದರೆ ಎಡದ್ದು ತುಳಿದಂತೆಲ್ಲ ಬಿಚ್ಚಿಕೊಂಡು ಬಿದ್ದೀತು. ವಿಮಾನ ಹಾರಿಸಿದ ರೈಟ್ ಸಹೋದರರು ಮೂಲತಃ ಡೇಟನ್ ಊರಿನ ಸೈಕಲ್ ಅಂಗಡಿಯವರು, ತಾವು ಕಟ್ಟಿದ ಸೈಕಲ್ಲಿಗೆ ಇದೇ ಎಡ ಆಂಟಿ ಹಾಕಿದ್ದರು, 1903ರಲ್ಲಿ ಅವರ ವಿಮಾನದ ಪಂಖಗಳನ್ನು ತಿರುಗಿಸಿದ್ದೂ ಚೈನೇ ಎಂದು ಮಾಸ್ತರು ಹೇಳಿದಾಗ ಕಾಕಾ ಕೈಕೆಲಸ ನಿಲ್ಲಿಸಿ ಕೇಳಿದರು. ಅಂಗಡಿಯ ಮುಂದೆ ಅವರದೇ ಹಳೇ ಅಟ್ಲಾಸ್ ನಿಂತಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ. "ಕಾರ್ಖಾನಿ ನಿಂತರ ಏನಾತ್ರಿ, ಗಾಡಿ ನಿಂತಿಲ್ಲಲ್ಲ" ಎಂದು ಸೀಟು ತಟ್ಟಿದರು.

ಅವರೇ ದಾರಿ ತೋರಿಸಿದರು, ದೊಡ್ಡಹುಣಸೆ ಮಠಕ್ಕೆ. ಆಫ್ರಿಕಾ ನೆಲದ ಬಾವೊಬಾಬ್ ಮರಗಳು, ನವಾಬರ ಊರಿನಲ್ಲಿ. ಅಡನ್ಸೋನಿಯಾ ಎಂಬಂಥ ಪರದೇಶಿ ಹೆಸರು ಯಾರಿಗೆ ಬೇಕು, ಊರಿಗೆ ಅವು ದೊಡ್ಡಹುಣಸೆ. ಬೂದು ಬಣ್ಣದ, ಆನೆಯ ಚರ್ಮದಂಥ ಆ ಬುಡದ ಎದುರು ನಮ್ಮ ಸೈಕಲ್ಲುಗಳು ಮಕ್ಕಳ ಆಟಿಕೆಯಾದವು. ಒಡಲೊಳಗೆ ನೀರು ಕೂಡಿಟ್ಟುಕೊಳ್ಳುವ ಮರವಿದು. ಸಂಜೆ ಅರಳುವ ಅದರ ಬಿಳಿ ಹೂವಿಗೆ ಬಾವಲಿಗಳು ಬರುತ್ತವೆ. ಹಡಗು, ಕುದುರೆ, ಫಕೀರರ ಜೋಳಿಗೆ, ಯಾವುದರಲ್ಲಿ ಬಂತೋ ಇದರ ಬೀಜ!

ಅಳತೆಯ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಮಠದವರನ್ನು ಕೇಳಿ, ಕ್ಯಾರಿಯರಿಗೆ ಬಿಗಿದಿದ್ದ ಹುರಿಯನ್ನು ಬುಡಕ್ಕೆ ಸುತ್ತಿ ಗಂಟು ಗುರುತಿಟ್ಟುಕೊಂಡೆವು. ಹುರಿಯನ್ನು ನೆಲದ ಮೇಲೆ ಚಾಚಿ, ಕರಿ ಸೈಕಲ್ಲಿನ ಗಾಳಿ ತುಂಬುವ ವಾಲನ್ನು ನೆಲಕ್ಕೆ ಹಿಡಿದು ಅದರ ಗುಂಟ ಉರುಳಿಸಿದೆವು. ಆ ಗಾಲಿಯ ಒಂದು ಸುತ್ತಿಗೆ ಸುಮಾರು 2.2 ಮೀಟರು. ಒಂದು, ಎರಡು, ಮೂರು... ಹುರಿ ಮುಗಿದಾಗ ಆರನೆಯ ಸುತ್ತು ಪೂರ್ತಿಯಾಗುತ್ತ ಬಂದಿತ್ತು. ಹದಿಮೂರು ಮೀಟರಿನ ಆಸುಪಾಸು! ಹುರಿ ಜಗ್ಗಿದೆ, ಲೆಕ್ಕ ಹೆಚ್ಚಾಗಿದೆ ಎಂದು ಗೆಳತಿ. ಬೇರಿನ ಉಬ್ಬು ಬಿಟ್ಟಿದ್ದೇವೆ, ಕಡಿಮೆಯಾಗಿದೆ ಎಂದು ಹುಡುಗ. ಸವಣೂರಿನ ಖಾರದ ಪೊಟ್ಟಣ ಬಿಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಜಗ್ಗದ ಪಟ್ಟಿ ಹಿಡಿದು ಬಾವಲಿಗಳು ಬರುವ ಮಳೆಗಾಲದ ಸಂಜೆಗೆ ಮತ್ತೆ ಬಂದು ಅಳೆಯುವುದೆಂದು ಅಲ್ಲೇ ಗೊತ್ತುಮಾಡಿದೆವು. ಆಗ ಗಾಳಿ ಪಡುವಣದ್ದು. ಹಾನಗಲ್ಲಿನಿಂದ ಇಲ್ಲಿಯವರೆಗೆ ಬೆನ್ನಿಗೇ ಬೀಸುತ್ತದೆ.