ಹಾಡುಗಳು ಮನೆ ಬದಲಿಸಿದ್ದು

ಬ್ಯಾಂಕಿನವರನ್ನು ಕಟ್ಟಿಕೊಂಡವಳಿಗೆ ಸಾಮಾನು ಕಟ್ಟುವ ವಿದ್ಯೆ ತಾನಾಗಿಯೇ ಬರುತ್ತದೆ. ಇಪ್ಪತ್ತೆಂಟು ವರ್ಷಗಳಲ್ಲಿ ಏಳು ಊರು, ಒಂಬತ್ತು ಬಾಡಿಗೆ ಮನೆ. ಉಪ್ಪಿನಕಾಯಿ ಭರಣಿ ಒಡೆಯದಂತೆ ಹಳೇ ಸೀರೆ ಸುತ್ತುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಜಂಬ ನನಗಿದೆ. ಆದರೆ ಹೋದ ವರ್ಷದ ವರ್ಗಾವಣೆಯಲ್ಲಿ ಭರಣಿಯೂ ಇರಲಿಲ್ಲ, ಸೀರೆಯೂ ಬೇಕಿರಲಿಲ್ಲ. ಸಾಗಿಸಬೇಕಾಗಿದ್ದುದು ಹಾಡುಗಳನ್ನು.

ನಮ್ಮ ಮಹಿಳಾ ಮಂಡಳಿಯವರು ಊರಿನ ಹಿರಿಯರಿಂದ ಸೋಬಾನೆ ಪದ, ಬೀಸುವ ಪದಗಳನ್ನು ಬರೆದುಕೊಂಡು 2009ರಿಂದ ಒಂದು ವೆಬ್‌ಸೈಟಿನಲ್ಲಿ ಇಟ್ಟಿದ್ದೇವೆ. ಒಟ್ಟು 312. ಹೇಳಿಕೊಟ್ಟವರಲ್ಲಿ ಅರ್ಧ ಜನ ಈಗಿಲ್ಲ. ನೋಟ್‌ಬುಕ್ಕುಗಳು ಎಷ್ಟೋ ಗೆದ್ದಲಿನ ಪಾಲಾಗಿವೆ. ಹಾಡುಗಳಿಗೆ ಉಳಿದದ್ದು ಅದೊಂದೇ ಮನೆ. ಆ ಮನೆಗೂ ಬಾಡಿಗೆಯುಂಟು. ಎಲ್ಲೋ ಇರುವ ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಒಂದಿಷ್ಟು ಜಾಗ. ಬಾಡಿಗೆ ಏರುತ್ತಾ ಏರುತ್ತಾ ಮಂಡಳಿಯ ಡಬ್ಬಿಗೆ ಎಟುಕದಾದಾಗ ಬೇರೆ ಮನೆ ನೋಡಿದೆವು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು ರಜೆ ಹಾಕಿ ಬಂದಳು. “ವೆಬ್‌ಸೈಟೆಂದರೆ ಎರಡು ಗಂಟು, ಅಮ್ಮಾ” ಎಂದಳು. ಪುಟಗಳ ವಿನ್ಯಾಸ, ಚಿತ್ರ, ಪ್ರೋಗ್ರಾಮು ಒಂದು ಗಂಟು. ಅದು ಗೋಡೆ, ಬಾಗಿಲು. ಹಾಡುಗಳಿರುವ ಡೇಟಾಬೇಸು ಇನ್ನೊಂದು, ಅದು ಉಗ್ರಾಣ. ಮೊದಲನೆಯದನ್ನು ಹಾಗೆಯೇ ನಕಲು ಮಾಡಬಹುದು. ಉಗ್ರಾಣವನ್ನು ಮಾತ್ರ ಒಂದೇ ಉದ್ದನೆಯ ಕಡತವಾಗಿ ಇಳಿಸಿ, ಹೊಸ ಕಡೆ ಮತ್ತೆ ಡಬ್ಬಿ ಡಬ್ಬಿಗೆ ತುಂಬಬೇಕು. ಆ ನಡುವೆ ಹಳೆಯ ಕಡೆ ಯಾರಾದರೂ ಹಾಡು ಸೇರಿಸಿದರೆ ಅದು ಅಲ್ಲಿಯೇ ಉಳಿದುಬಿಡುತ್ತದೆ. ಎಲ್ಲರಿಗೂ ಫೋನು ಮಾಡಿ, ಎರಡು ದಿನ ಕೈಕಟ್ಟಿ ಕೂರಲು ಹೇಳಿದೆ.

ಸಂಜೆ ಮಗಳು ಎರಡೂ ಕಡೆ ಎಣಿಸಿದಳು. ಅಲ್ಲಿ 312, ಇಲ್ಲಿ 312. “ಮುಗೀತು, ಕಾಫಿ ಕೊಡು” ಎಂದಳು. “ಮೊದಲು ಒಂದು ಹಾಡು ತೆಗಿ” ಎಂದೆ. ತೆಗೆದಳು. ನನ್ನ ಎದೆ ಧಸಕ್ಕೆಂದಿತು. ಕನ್ನಡದ ಸುಳಿವೇ ಇಲ್ಲ! ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ‘ಎ’, ಪಕ್ಕದಲ್ಲೊಂದು ಪುಟಾಣಿ 2, ಮತ್ತೆ ‘ಎ’, ಪುಟಾಣಿ 3. ಪುಟದ ತುಂಬ ಇದೇ ಮೆರವಣಿಗೆ.

ಮಗಳು ಹೆದರಲಿಲ್ಲ. “ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದರೆ ಅಕ್ಷರವೇ ಹೋಯಿತೆಂದು ಅಳಬೇಕಿತ್ತು. ಇಲ್ಲಿ ಅಕ್ಷರ ಇದೆ, ಓದುವ ಕ್ರಮ ತಪ್ಪಿದೆ” ಎಂದಳು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಕ’ಕ್ಕೆ ಮೂರು ಬೈಟು, ಅದರ ದೀರ್ಘಕ್ಕೆ ಮತ್ತೆ ಮೂರು. ಮೂರನ್ನೂ ಕೂಡಿಸಿ ಓದಿದರೆ ಕನ್ನಡ. ಬಿಡಿಬಿಡಿಯಾಗಿ ಲ್ಯಾಟಿನ್ ಎಂದು ಓದಿದರೆ ಈ ಅವಾಂತರ. ನಮ್ಮದು ಮೈಎಸ್‌ಕ್ಯುಎಲ್ ಡೇಟಾಬೇಸು. 2018ರಲ್ಲಿ ಬಂದ 8.0 ಆವೃತ್ತಿಗೆ ಮುಂಚೆ, ಬೇರೆ ಹೇಳದಿದ್ದರೆ ಅದು ಎಲ್ಲಕ್ಕೂ ಲ್ಯಾಟಿನ್ ಎಂದೇ ಚೀಟಿ ಅಂಟಿಸುತ್ತಿತ್ತು. ಅಕ್ಕಿ ಡಬ್ಬಿಯ ಮೇಲೆ ಸಕ್ಕರೆ ಚೀಟಿ ಇದ್ದಂತೆ! ಹಳೆಯ ಮನೆಯಲ್ಲಿ ಹಾಕುವವರಿಗೂ ತೆಗೆಯುವವರಿಗೂ ಅದು ರೂಢಿ. ಹೊಸ ಮನೆಯವರು ಪಾಪ, ಚೀಟಿಯನ್ನು ನಂಬಿದರು.

ಹಳೆಯ ಚೀಟಿಯ ಹೆಸರಿನಲ್ಲೇ ಇನ್ನೊಮ್ಮೆ ಇಳಿಸಿಕೊಂಡು, ಸರಿಯಾದ ಚೀಟಿ ಹಚ್ಚಿ ಅವಳು ಮತ್ತೆ ತುಂಬಿದಳು. ರಾತ್ರಿ ಒಂಬತ್ತಕ್ಕೆ ಕನ್ನಡ ಮೂಡಿತು. ಆಮೇಲೆ ಉಳಿದದ್ದು ವಿಳಾಸ. ವೆಬ್‌ಸೈಟಿನ ಹೆಸರು ಅದೇ, ಅದು ತೋರಿಸುವ ಮನೆ ಮಾತ್ರ ಬೇರೆ. ಆ ಸುದ್ದಿ ಎಲ್ಲೆಡೆ ಮುಟ್ಟಲು ಒಂದೆರಡು ದಿನವೂ ಹಿಡಿಯಬಹುದಂತೆ. ಹಳೆಯ ಮನೆಯ ಬೀಗದ ಕೈಯನ್ನು ನಾವು ಒಂದು ತಿಂಗಳು ಬಿಡಲಿಲ್ಲ.

ಆ ತಿಂಗಳು ಮಂಡಳಿಯವರು ಹಂಚಿಕೊಂಡು 312 ಹಾಡನ್ನೂ ಓದಿದೆವು. ಎಣಿಸುವುದು ಯಂತ್ರಕ್ಕೆ ಬರುತ್ತದೆ. ಹಾಡು ಹಾಡಾಗಿಯೇ ಇದೆಯೇ ಎಂಬುದು ಹಾಡುವವರಿಗೇ ತಿಳಿಯಬೇಕು. ಡೇಟಾಬೇಸಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಕೂತು ನನ್ನ ಬೀರುವಿನ ರೇಷ್ಮೆ ಸೀರೆಗಳ ನಡುವೆ ಸೇರಿತು.

ಒಂದು ಬೀಸುವ ಪದದ ನಡುವೆ, ಹೇಳಿಕೊಟ್ಟ ಅಜ್ಜಿಯ ಮಾತನ್ನೇ ಬರೆದಿಟ್ಟಿದ್ದೆವು: “ಇಲ್ಲೊಂದು ಸಾಲು ಮರೆತೋಗದೆ.” ಅದೂ ಸುಖವಾಗಿ ಬಂದು ತಲುಪಿತ್ತು. “ಇದನ್ನು ಅಳಿಸಲಾ?” ಎಂದಳು ಮಗಳು.

“ಬೇಡ, ಇರಲಿ. ಯಾರಿಗಾದರೂ ನೆನಪಾದೀತು” ಎಂದೆ.